ಉಸಿರು ನಮ್ಮದು, ತೀರ್ಮಾನದಲ್ಲೂ ನಮಗೆ ಪಾಲಿರಲಿ

(ಮೈಸೂರಿನ ಅಶೋಕಪುರಂನಲ್ಲಿ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನ ಜಾವ ಐದು ಗಂಟೆಗೆ ಈ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ಚಾಮರಾಜನಗರದ ರೈಲಿನ ಸದ್ದು ಕೇಳುವ ಮೊದಲೇ ಕೆಮ್ಮಿನ ಸದ್ದು ಕೇಳುತ್ತದೆ. ಒಂದು ಮನೆಯಲ್ಲಿ ಅಜ್ಜಿ, ಇನ್ನೊಂದು ಮನೆಯಲ್ಲಿ ವರ್ಕ್‌ಶಾಪಿನಿಂದ ನಿವೃತ್ತರಾದ ದೊಡ್ಡಪ್ಪ, ಮತ್ತೊಂದು ಮನೆಯಲ್ಲಿ ಮೂವತ್ತು ವರ್ಷ ಊರಿನ ಕಸ ಗುಡಿಸಿದ ತಾಯಿ. ಇದು ಮೈಸೂರಿನ ಯಾವ ಮೊಹಲ್ಲಾಕ್ಕೆ ಹೋದರೂ ಕೇಳುವ ಸದ್ದು. ನಾವು ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆ ಅಂದರೆ ಅದನ್ನು ಕಾಯಿಲೆ ಅಂತಲೂ ಕರೆಯುವುದಿಲ್ಲ. 'ವಯಸ್ಸಾಯ್ತಲ್ಲ' ಅಂದು ಮಗ್ಗುಲು ಬದಲಿಸಿ ಮಲಗುತ್ತೇವೆ.

ಈ ಕಾಯಿಲೆಗೆ ಒಂದು ಹೆಸರಿದೆ. ಶ್ವಾಸನಾಳಗಳು ವರ್ಷಗಟ್ಟಲೆ ಹೊಗೆ, ದೂಳು ಕುಡಿದು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರಲಾರದ ಸ್ಥಿತಿ. ಡಾಕ್ಟರರು ಸಿ.ಓ.ಪಿ.ಡಿ. ಅನ್ನುತ್ತಾರೆ. 1990ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 81 ಲಕ್ಷ ಜನರಿಗೆ ಇದ್ದ ಈ ಕಾಯಿಲೆ 2016ರ ಹೊತ್ತಿಗೆ 5 ಕೋಟಿ 53 ಲಕ್ಷ ಜನರಿಗೆ ಹರಡಿತ್ತು ಎಂದು ದೇಶದ ರೋಗಭಾರವನ್ನು ಲೆಕ್ಕ ಹಾಕಿದ ಅಧ್ಯಯನ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 35 ಲಕ್ಷ ಜನ ಇದರಿಂದ ಸತ್ತರು.

ನಾನು ಡಾಕ್ಟರಲ್ಲ. ಡಾಕ್ಟರರ ಮೇಲೆ ದೂರು ಹೇಳಲೂ ಬಂದಿಲ್ಲ. ಒಂದೇ ಒಂದು ಪ್ರಶ್ನೆ ಹಿಡಿದು ಬಂದಿದ್ದೇನೆ. ಈ ಕಾಯಿಲೆಯನ್ನು ಬಲ್ಲವರು ಯಾರು? ಹತ್ತು ನಿಮಿಷ ಎದೆಗೆ ಸ್ಟೆತಾಸ್ಕೋಪ್ ಇಟ್ಟವರೋ, ಹತ್ತು ವರ್ಷ ಅದೇ ಎದೆಯನ್ನು ಹೊತ್ತು ತಿರುಗಿದವರೋ? ಇಬ್ಬರಿಗೂ ಗೊತ್ತಿರುವುದು ಒಂದೇ ಮೇಜಿನ ಮೇಲೆ ಸೇರಿದಾಗ ಮಾತ್ರ ಸರಿಯಾದ ಚಿಕಿತ್ಸೆ ಹುಟ್ಟುತ್ತದೆ ಎಂಬುದು ನನ್ನ ವಾದ. ಇವತ್ತು ಒಬ್ಬರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಕೈಕಟ್ಟಿ ತಲೆಯಾಡಿಸುತ್ತಾರೆ. ಈ ಮೌನದಿಂದ ಜೀವ ಹೋಗುತ್ತಿದೆ.

ಕಕ್ಕಸು ಗುಂಡಿಯಿಂದ ಎದ್ದ ಪ್ರಶ್ನೆ

ಮುನ್ನೂರು ವರ್ಷಗಳ ಹಿಂದಿನ ಒಂದು ಸಂಗತಿ ಹೇಳುತ್ತೇನೆ. ಇಟಲಿಯ ಮೊದೆನಾ ಊರಿನಲ್ಲಿ ಬೆರ್ನಾರ್ದಿನೊ ರಾಮಜ್ಜಿನಿ ಎಂಬ ವೈದ್ಯ ಇದ್ದ. ಅವನ ಮನೆಯ ಕಕ್ಕಸು ಗುಂಡಿ ಬಳಿಯಲು ಒಬ್ಬ ಕಾರ್ಮಿಕ ಬಂದ. ಆತ ಉಸಿರು ಬಿಡದೆ ಆತುರಾತುರವಾಗಿ ಕೆಲಸ ಮಾಡುತ್ತಿದ್ದ. ಯಾಕಪ್ಪ ಇಷ್ಟು ಅವಸರ ಅಂತ ವೈದ್ಯ ಕೇಳಿದ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇದರೊಳಗೆ ಇದ್ದರೆ ಕಣ್ಣು ಹೋಗುತ್ತದೆ, ಆಮೇಲೆ ಕುರುಡರಾಗುತ್ತೇವೆ ಎಂದು ಆ ಕಾರ್ಮಿಕ ಉತ್ತರಿಸಿದ. ಯಾವ ಪುಸ್ತಕದಲ್ಲೂ ಇಲ್ಲದ ತಿಳಿವಳಿಕೆ ಆ ಗುಂಡಿಯೊಳಗೆ ಇತ್ತು.

ರಾಮಜ್ಜಿನಿ ನಾಚಿಕೆಪಡದೆ ಕೇಳುತ್ತಾ ಹೋದ. ಕಲ್ಲು ಕಡೆಯುವವರನ್ನು, ಹಿಟ್ಟು ಜರಡಿ ಹಿಡಿಯುವವರನ್ನು, ಕುಂಬಾರರನ್ನು ಕೇಳಿದ. 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನೂ ಸೇರಿಸಿ ಎಂದು ಎಲ್ಲ ವೈದ್ಯರಿಗೂ ಹೇಳಿದ: 'ನೀನು ಏನು ಕೆಲಸ ಮಾಡುತ್ತೀ?'

ಗೆಳೆಯರೇ, ನಮ್ಮ ಹಿರಿಯರು ಮಾಡಿದ ಕೆಲಸಗಳನ್ನು ಲೆಕ್ಕ ಹಾಕಿ. ಬೀದಿ ಗುಡಿಸಿದರು, ಬೀಡಿ ಕಟ್ಟಿದರು, ಊದುಬತ್ತಿ ಹೊಸೆದರು, ವೆಲ್ಡಿಂಗ್ ಮಾಡಿದರು, ಕಲ್ಲು ಒಡೆದರು. ಭಾರತದಲ್ಲಿ ಸಿಲಿಕೋಸಿಸ್ ಎಂಬ ಕಲ್ಲುದೂಳಿನ ಶ್ವಾಸಕೋಶದ ಕಾಯಿಲೆ ಮೊದಲು ವರದಿಯಾದದ್ದು 1947ರಲ್ಲಿ, ನಮ್ಮದೇ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಯಿಂದ. ಗಣಿ 2001ರಲ್ಲಿ ಮುಚ್ಚಿತು. ಆದರೆ ದೂಳು ಹೊಕ್ಕ ಎದೆಗೆ ರಜೆ ಇರುವುದಿಲ್ಲ, ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಲ್ಲದು. ಹೀಗಿರುವಾಗ ಹೊರರೋಗಿ ಚೀಟಿಯಲ್ಲಿ 'ಏನು ಕೆಲಸ' ಎಂಬ ಕಡೆ ಏನು ಬರೆದಿರುತ್ತಾರೆ, ತೆಗೆದು ನೋಡಿ. ಕೂಲಿ. ಗೃಹಿಣಿ. ಇಲ್ಲವೇ ಖಾಲಿ ಜಾಗ. ಯಾವ ಕೂಲಿ, ಯಾವ ದೂಳು, ಎಷ್ಟು ವರ್ಷ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ನಾವೇ ಹೇಳಬೇಕು.

ಒಲೆಯ ಲೆಕ್ಕ

'ನಮ್ಮ ಅಮ್ಮ ಬೀಡಿ ಮುಟ್ಟಿದವಳಲ್ಲ, ಅವಳಿಗೆ ಯಾಕೆ ಈ ಕಾಯಿಲೆ?' ಅಂತ ಎಷ್ಟೋ ಮಕ್ಕಳು ಕೇಳುತ್ತಾರೆ. ಉತ್ತರ ಅಡುಗೆಮನೆಯಲ್ಲಿದೆ.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರಿನ ಸುತ್ತಲ ಹಳ್ಳಿಗಳಲ್ಲಿ ಈ ಬಗ್ಗೆ ಕೆಲಸ ಮಾಡಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೆಂಗಸರು ಸೌದೆ, ಬೆರಣಿ ಒಲೆಯ ಮುಂದೆ ಕುಳಿತ ಹೊತ್ತನ್ನು ಲೆಕ್ಕ ಹಾಕಿತು. ಲೆಕ್ಕ ಸುಲಭ. ದಿನಕ್ಕೆ ಎಷ್ಟು ಗಂಟೆ, ಒಟ್ಟು ಎಷ್ಟು ವರ್ಷ, ಎರಡನ್ನೂ ಗುಣಿಸಿ. ಉತ್ತರ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಗಣನೀಯವಾಗಿ ಏರುತ್ತದೆ ಎಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಂದರೆ ಅರವತ್ತು ಆಯಿತು. ಹದಿನೈದನೇ ವಯಸ್ಸಿಗೆ ಒಲೆ ಮುಂದೆ ಕೂತು ಐವತ್ತೈದಕ್ಕೆ ಗ್ಯಾಸ್ ಕಂಡ ಅಜ್ಜಿಯ ಲೆಕ್ಕ ನೂರಿಪ್ಪತ್ತು. ಮನೆಗೆ ಸಿಲಿಂಡರ್ ಬಂದ ದಿನ ಒಲೆ ಆರಿತು, ನಿಜ. ಆದರೆ ಎದೆಯೊಳಗಿನ ನಲವತ್ತು ವರ್ಷದ ಹೊಗೆ ಆ ದಿನ ಹೊರಗೆ ಹೋಗಲಿಲ್ಲ.

ಈ ಲೆಕ್ಕಕ್ಕೆ ಬೇಕಾದ ಎರಡೂ ಅಂಕಿಗಳು ಇರುವುದು ಎಲ್ಲಿ? ಎಕ್ಸ್‌ರೇಯಲ್ಲಿ ಇಲ್ಲ, ರಕ್ತಪರೀಕ್ಷೆಯಲ್ಲಿ ಇಲ್ಲ. ಅಜ್ಜಿಯ ನೆನಪಿನಲ್ಲಿ ಇವೆ. ಇನ್ನೂ ಒಂದು ಮಾತು. ದೀರ್ಘಕಾಲದ ಬ್ರಾಂಕೈಟಿಸ್ ಎಂಬ ರೋಗವನ್ನು ವೈದ್ಯಶಾಸ್ತ್ರ ಗುರುತಿಸುವುದೇ ರೋಗಿಯ ಮಾತಿನಿಂದ. ವರ್ಷಕ್ಕೆ ಮೂರು ತಿಂಗಳು, ಒಂದರ ಹಿಂದೆ ಒಂದು ಎರಡು ವರ್ಷ, ಕಫದ ಕೆಮ್ಮು ಇತ್ತೇ? ಹೌದು ಎಂದು ಹೇಳಬೇಕಾದವಳು ಅವಳೇ. ಅವಳ ಬಾಯಿ ಮುಚ್ಚಿಸಿದರೆ ರೋಗವೇ ಮುಚ್ಚಿಹೋಗುತ್ತದೆ.

ದಮ್ಮು, ಗೂರಲು, ಏದುಸಿರು

ನಮ್ಮ ಭಾಷೆಯಲ್ಲಿ ಉಸಿರಿನ ಕಷ್ಟಕ್ಕೆ ಎಷ್ಟು ಮಾತುಗಳಿವೆ ನೋಡಿ. ಉಬ್ಬಸ, ದಮ್ಮು, ಗೂರಲು, ಏದುಸಿರು, ಮೇಲುಸಿರು, ತೇಕುವುದು, ಎದೆ ಬಿಗಿಯುವುದು, ಗೊರಗೊರ ಅನ್ನುವುದು, ಸುಂಯ್ ಅನ್ನುವುದು. ದಮ್ಮು ಅಂದರೆ ಬೀಡಿ ಎಳೆಯುವುದೂ ಹೌದು, ಅದು ತಂದಿಟ್ಟ ಕಾಯಿಲೆಯೂ ಹೌದು. ಒಂದೇ ಮಾತಿನಲ್ಲಿ ಕಾರಣ, ಪರಿಣಾಮ ಎರಡನ್ನೂ ಇಟ್ಟ ಜನ ನಾವು.

ಇವು ಬರೀ ಅಲಂಕಾರದ ಮಾತುಗಳೇನಲ್ಲ. ರಾತ್ರಿ ಎರಡು ಗಂಟೆಗೆ ಎದೆಯಲ್ಲಿ ಸುಂಯ್ ಅಂದು ಬೆಳಿಗ್ಗೆ ಸರಿಹೋಗುವುದು ಬೇರೆ. ವರ್ಷದಿಂದ ವರ್ಷಕ್ಕೆ ನಡಿಗೆ ಕುಗ್ಗುತ್ತಾ ಬಂದು ಏದುಸಿರು ಬರುವುದು ಬೇರೆ. ಮಲಗಿದ ಕೂಡಲೇ ಉಸಿರು ಕಟ್ಟಿ, ಕಾಲು ಊದುವುದು ಇನ್ನೂ ಬೇರೆ. ಮೊದಲನೆಯದು ಆಸ್ತಮಾದ ಕಡೆ ಬೆರಳು ತೋರಿಸಬಹುದು, ಎರಡನೆಯದು ಸಿ.ಓ.ಪಿ.ಡಿ. ಕಡೆಗೆ, ಮೂರನೆಯದು ಹೃದಯದ ಕಡೆಗೆ. ಇಷ್ಟೆಲ್ಲವನ್ನೂ ನಮ್ಮ ಅಜ್ಜಿ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲಳು. ಜೊತೆಗೆ ಹೋದ ಮೊಮ್ಮಗ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ 'ಬ್ರೀದಿಂಗ್ ಪ್ರಾಬ್ಲಂ ಡಾಕ್ಟರ್' ಅನ್ನುತ್ತಾನೆ. ಆ ಒಂದು ಇಂಗ್ಲಿಷ್ ಮಾತಿನಲ್ಲಿ ಅರ್ಧ ರೋಗನಿರ್ಣಯ ಕಳೆದುಹೋಗುತ್ತದೆ. ಹುಡುಗರೇ, ಅಜ್ಜಿಯ ಮಾತನ್ನು ಅಜ್ಜಿಯ ಮಾತಿನಲ್ಲೇ ಹೇಳಿ. ಮೈಸೂರಿನಲ್ಲಿ ಓದಿದ ಡಾಕ್ಟರಿಗೆ ಅದು ಅರ್ಥವಾಗುತ್ತದೆ.

ಉಸಿರಾಟದ ಕಷ್ಟವನ್ನು ಅಳೆಯಲು ವೈದ್ಯರು ಬಳಸುವ ಒಂದು ಅಳತೆಗೋಲು ಇದೆ. ಅದರ ಮೂಲ 1950ರ ದಶಕದಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಲ್ಲಿದ್ದಲು ಗಣಿ ಕಾರ್ಮಿಕರ ನಡುವೆ ನಡೆದ ಕೆಲಸದಲ್ಲಿದೆ. ಯಂತ್ರ ಬೇಕಿಲ್ಲ, ಕೇಳಿದರೆ ಸಾಕು. ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಬಿರಬಿರನೆ ಹತ್ತಿದಾಗ ಮಾತ್ರ ಏದುಸಿರು ಬಂದರೆ ಸೊನ್ನೆ. ರೈಲು ತಪ್ಪುತ್ತದೆ ಅಂತ ಸ್ಟೇಷನ್ನಿಗೆ ಬೇಗ ಹೆಜ್ಜೆ ಹಾಕಿದಾಗ ಬಂದರೆ ಒಂದು. ಸಮತಟ್ಟಾದ ರಸ್ತೆಯಲ್ಲೇ ಓರಗೆಯವರಿಗಿಂತ ಹಿಂದೆ ಬಿದ್ದರೆ ಎರಡು. ನೂರು ಮೀಟರ್ ನಡೆದು ನಿಲ್ಲಬೇಕಾದರೆ ಮೂರು. ಸೀರೆ ಉಡುವಾಗ, ಅಂಗಿ ತೊಡುವಾಗಲೇ ಉಸಿರು ಸಾಲದೆ ಬಂದರೆ, ಮನೆ ಬಿಟ್ಟು ಹೊರಗೆ ಕಾಲಿಡಲಾಗದಿದ್ದರೆ ನಾಲ್ಕು.

ಇಲ್ಲಿ ಒಂದು ಸೂಕ್ಷ್ಮ ಇದೆ. 'ಉಸಿರು ಕಟ್ಟುತ್ತಾ?' ಅಂತ ಕೇಳಿದರೆ ನಮ್ಮ ಹಿರಿಯರು 'ಇಲ್ಲ ಸಾರ್' ಅನ್ನುತ್ತಾರೆ. ಸುಳ್ಳಲ್ಲ. ಉಸಿರು ಕಟ್ಟುವ ಕೆಲಸವನ್ನೇ ಅವರು ಒಂದೊಂದಾಗಿ ಬಿಟ್ಟಿರುತ್ತಾರೆ. ಬೆಟ್ಟ ಹತ್ತುವುದು ಬಿಟ್ಟರು, ಮಾರ್ಕೆಟ್ಟಿಗೆ ಹೋಗುವುದು ಬಿಟ್ಟರು, ಮೊಮ್ಮಗುವನ್ನು ಎತ್ತಿಕೊಳ್ಳುವುದು ಬಿಟ್ಟರು. ಆದ್ದರಿಂದ ಪ್ರಶ್ನೆ ಬದಲಿಸಿ: 'ಎರಡು ವರ್ಷದಲ್ಲಿ ಏನೇನು ಮಾಡುವುದನ್ನು ಬಿಟ್ಟಿರಿ?' ಆ ಪಟ್ಟಿಯೇ ಕಾಯಿಲೆಯ ನಕ್ಷೆ.

ನಮಗೆ ತಿಳಿಸದೇ ಹೋದದ್ದು

ರೋಗಿಗೆ ಎಲ್ಲ ಗೊತ್ತು ಎಂದು ನಾನು ಹೇಳಿದರೆ ಅದು ಮೋಸ. ರೋಗಿಗೆ ಗೊತ್ತಾಗಲೇಬೇಕಾದ, ಯಾರೂ ಹೇಳದ ಸಂಗತಿಗಳು ಇವೆ.

ಮೊದಲನೆಯದು, ಊದುವ ಪರೀಕ್ಷೆ. ಸ್ಪೈರೋಮೆಟ್ರಿ ಅನ್ನುತ್ತಾರೆ. ಪೂರ್ತಿ ಉಸಿರು ಎಳೆದು ಜೋರಾಗಿ ಊದಬೇಕು. ಶ್ವಾಸನಾಳ ಅಗಲಿಸುವ ಔಷಧಿ ಕೊಟ್ಟ ನಂತರವೂ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಎಂದು ಅರ್ಥ. ಈ ಪರೀಕ್ಷೆ ಇಲ್ಲದೆ ಸಿ.ಓ.ಪಿ.ಡಿ. ಎಂದು ಖಚಿತಪಡಿಸಲಾಗದು. ರಕ್ತದೊತ್ತಡ ನೋಡದೆ ಬಿ.ಪಿ. ಮಾತ್ರೆ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ? ಊದಿಸದೆ ವರ್ಷಗಟ್ಟಲೆ ಇನ್‌ಹೇಲರ್ ಕೊಟ್ಟರೆ ಮಾತ್ರ ಯಾಕೆ ಸುಮ್ಮನಿರುತ್ತೇವೆ?

ಎರಡನೆಯದು, ಕ್ಷಯದ ಗೊಂದಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಿದ ಊರು ಇದು. ಕ್ಷಯ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತದೆ, ಉಸಿರಿನ ಕಷ್ಟ ಉಳಿಯಬಹುದು. ಹಳೆಯ ಕಲೆ ಎಕ್ಸ್‌ರೇಯಲ್ಲಿ ಕಂಡಾಗ ಅದು ಹೊಸ ಕ್ಷಯವೋ ಹಳೆಯ ಗುರುತೋ ಎಂಬುದನ್ನು ಕಫ ಪರೀಕ್ಷೆ ಮತ್ತು ಹಳೆಯ ಕಾಗದಗಳು ತೀರ್ಮಾನಿಸಬೇಕು. ಆ ಕಾಗದ ಇರಬೇಕಾದದ್ದು ನಮ್ಮ ಟ್ರಂಕಿನಲ್ಲಿ. ಅದನ್ನು ರದ್ದಿಗೆ ಹಾಕಬೇಡಿ.

ಮೂರನೆಯದು, ಪಂಪು. ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರಿಗೆ ಒಂದು ಖಾಸಗಿ ದವಾಖಾನೆಯಲ್ಲಿ ಪುಡಿ ತುಂಬಿದ ರೋಟಾಕ್ಯಾಪ್ ಬರೆದುಕೊಟ್ಟರು. ಚೀಟಿಯಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂಬ ಗುರುತು ಮಾತ್ರ ಇತ್ತು. ಅವರು ಎರಡು ತಿಂಗಳು ಅದನ್ನು ನೀರಿನ ಜೊತೆ ನುಂಗಿದರು. ಅದು ನುಂಗುವ ಮಾತ್ರೆಯಲ್ಲ, ಉಪಕರಣಕ್ಕೆ ಹಾಕಿ ಉಸಿರಿನ ಜೊತೆ ಎಳೆದುಕೊಳ್ಳುವ ಪುಡಿ ಎಂದು ಯಾರೂ ಹೇಳಿರಲಿಲ್ಲ. ಔಷಧಿ ಹೊಟ್ಟೆಗೆ ಹೋಯಿತು, ಕಾಯಿಲೆ ಎದೆಯಲ್ಲೇ ಉಳಿಯಿತು. ಆಮೇಲೆ 'ನಿಮಗೆ ಔಷಧಿ ಹಿಡಿಯುತ್ತಿಲ್ಲ' ಅಂತ ಅವರಿಗೇ ಹೇಳಿದರು!

ಪುಡಿಯ ಇನ್‌ಹೇಲರನ್ನು ಜೋರಾಗಿ, ಬಿರುಸಾಗಿ ಎಳೆಯಬೇಕು. ಒತ್ತುವ ಪಂಪನ್ನು ನಿಧಾನವಾಗಿ, ಆಳವಾಗಿ ಎಳೆದು ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಎರಡಕ್ಕೂ ವಿಧಾನ ತದ್ವಿರುದ್ಧ. ಒಂದು ಪಂಪು ಉಸಿರು ಕಟ್ಟಿದಾಗ ತಕ್ಷಣಕ್ಕೆ, ಇನ್ನೊಂದು ಕಷ್ಟ ಇಲ್ಲದ ದಿನವೂ ತಪ್ಪದೆ. ಸ್ಟೀರಾಯ್ಡ್ ಇರುವ ಪಂಪಾದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. 'ಪಂಪು ಹಿಡಿದರೆ ಚಟ ಆಗುತ್ತೆ' ಅನ್ನುವುದು ಸುಳ್ಳು. ಕನ್ನಡಕ ಹಾಕಿದವರಿಗೆ ಕನ್ನಡಕದ ಚಟ ಅನ್ನುತ್ತೇವೆಯೇ? ಪಂಪಿನ ಜೊತೆ ಹಾಕುವ ಸ್ಪೇಸರ್ ಎಂಬ ಕೊಳವೆ ಕೊಳ್ಳಲು ಕಾಸಿಲ್ಲದವರಿಗೆ ಒಂದು ಸಮಾಚಾರ ಇದೆ. 1999ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಆಸ್ತಮಾ ಇರುವ ಮಕ್ಕಳಲ್ಲಿ ಪರೀಕ್ಷಿಸಿ, 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಸರಿಯಾಗಿ ಮಾಡಿದ ಸ್ಪೇಸರ್ ಅಂಗಡಿಯದಕ್ಕೆ ಸರಿಸಮ ಕೆಲಸ ಮಾಡಿತು ಎಂದು ತೋರಿಸಿದರು. ನಿಮ್ಮ ಡಾಕ್ಟರನ್ನೋ ನರ್ಸನ್ನೋ ಕೇಳಿ ಕಲಿಯಿರಿ.

ಹೆಚ್ಚು ಆಮ್ಲಜನಕ ಹೆಚ್ಚು ಒಳ್ಳೆಯದಲ್ಲ

2021ರ ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೆ ಬಂತು. 95ಕ್ಕಿಂತ ಕೆಳಗೆ ಇಳಿದರೆ ಗಾಬರಿಯಾಗಬೇಕು ಎಂದು ಎಲ್ಲರೂ ಕಲಿತರು. ಆದರೆ ಮುಂದುವರಿದ ಸಿ.ಓ.ಪಿ.ಡಿ. ಇರುವವರಿಗೆ ಲೆಕ್ಕ ಬೇರೆ. ಅಂಥವರಿಗೆ ಕಾಯಿಲೆ ಉಲ್ಬಣಿಸಿದಾಗ ಆಮ್ಲಜನಕ ಕೊಡುವಾಗ 88ರಿಂದ 92ರ ನಡುವೆ ನಿಲ್ಲಿಸುವುದು ವೈದ್ಯರ ಮಾರ್ಗಸೂಚಿ. ಅತಿಯಾಗಿ ಕೊಟ್ಟರೆ ರಕ್ತದಲ್ಲಿ ಇಂಗಾಲಾಮ್ಲ ಏರಿ, ಮಂಪರು ಕವಿದು, ಪ್ರಾಣಕ್ಕೆ ಕುತ್ತು ಬರಬಹುದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲೇ ಈ ಪರೀಕ್ಷೆ ನಡೆಸಿ 2010ರಲ್ಲಿ ಪ್ರಕಟಿಸಿದರು. ಅಳೆದು ಕೊಟ್ಟವರಲ್ಲಿ ಸಾವು ಬೇಕಾಬಿಟ್ಟಿ ಕೊಟ್ಟವರಿಗಿಂತ ಅರ್ಧಕ್ಕಿಂತಲೂ ಕಡಿಮೆ ಇತ್ತು.

ಮಧ್ಯರಾತ್ರಿ ಆಂಬುಲೆನ್ಸಿನಲ್ಲಿ ಬರುವ ಹುಡುಗನಿಗೆ ನಿಮ್ಮ ತಾತನ ಇತಿಹಾಸ ಗೊತ್ತಿಲ್ಲ. ತಾತನಿಗೆ ಆಗ ಮಾತಾಡಲು ಉಸಿರಿಲ್ಲ. ಅದಕ್ಕೇ ಬ್ರಿಟನ್ನಿನಲ್ಲಿ ಇಂಥ ರೋಗಿಗಳ ಜೇಬಿನಲ್ಲಿ ಒಂದು ಎಚ್ಚರಿಕೆ ಚೀಟಿ ಇಟ್ಟಿರುತ್ತಾರೆ. ನಮ್ಮ ತಾತಂದಿರ ಜೇಬಿನಲ್ಲೂ ಡಾಕ್ಟರ್ ಸಹಿ ಮಾಡಿದ, ಕನ್ನಡದ ಒಂದು ಚೀಟಿ ಯಾಕಿರಬಾರದು?

ಕಾಗದ ಒಂದೇ ಸಾಲದು

ಕರಪತ್ರ ಹಂಚಿದರೆ ಕೆಲಸ ಮುಗಿಯಿತು ಎಂದು ತಿಳಿಯಬೇಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ರೋಗಿಗಳಿಗೆ ಮನೆಯಲ್ಲೇ ವಾರವಾರ ಕಲಿಸಿ, ಕಷ್ಟ ಬಂದಾಗ ಏನು ಮಾಡಬೇಕೆಂದು ಬರೆದುಕೊಟ್ಟು, ಆಮೇಲೂ ಫೋನ್ ಮಾಡಿ ವಿಚಾರಿಸಿಕೊಂಡರು. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರುವುದು ನೂರಕ್ಕೆ ನಲವತ್ತರಷ್ಟು ಇಳಿಯಿತು ಎಂದು 2003ರಲ್ಲಿ ವರದಿಯಾಯಿತು. ಆದರೆ ಅಮೆರಿಕದಲ್ಲಿ ಮಾಜಿ ಸೈನಿಕರ ನಡುವೆ ನಡೆದ ಇದೇ ಬಗೆಯ ಇನ್ನೊಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2012ರ ವರದಿಯ ಪ್ರಕಾರ ಕಲಿಸಿದ ಗುಂಪಿನಲ್ಲಿ 28 ಜನ, ಇನ್ನೊಂದರಲ್ಲಿ 10 ಜನ ಸತ್ತಿದ್ದರು. ಯಾಕೆ ಹೀಗಾಯಿತು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ನಾನು ಇದರಿಂದ ಕಲಿತ ಪಾಠ ಇಷ್ಟು: ತಿಳಿವಳಿಕೆ ಅಂದರೆ ರೋಗಿಯನ್ನು ಅವನ ಪಾಡಿಗೆ ಬಿಡುವುದಲ್ಲ. ಯಾವಾಗ ಮನೆಯಲ್ಲೇ ನಿಭಾಯಿಸಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬ ಗೆರೆಯನ್ನು ಡಾಕ್ಟರ್ ಜೊತೆ ಕೂತು ಎಳೆದುಕೊಳ್ಳಬೇಕು. ಕಫದ ಬಣ್ಣ ಬದಲಾಯಿತೇ, ಪಂಪು ಎಂದಿಗಿಂತ ಹೆಚ್ಚು ಬೇಕಾಗುತ್ತಿದೆಯೇ, ಎರಡು ಮಾತಿಗೆ ಒಮ್ಮೆ ಉಸಿರು ತೆಗೆಯಬೇಕಾಗಿದೆಯೇ, ತುಟಿ ನೀಲಿಗಟ್ಟಿದೆಯೇ, ಮಂಪರು ಇದೆಯೇ ಎಂದು ನೋಡಬೇಕು. ಕೊನೆಯ ಮೂರು ಕಂಡರೆ ಮನೆವೈದ್ಯ ಬೇಡ, ಆಂಬುಲೆನ್ಸ್ ಕರೆಯಿರಿ.

ತೀರ್ಮಾನ ಯಾರದು?

ಕಾನೂನು ನಮ್ಮ ಕಡೆ ಇದೆ. ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆ ಆಗಬೇಕಾದರೆ ಚಿಕಿತ್ಸೆಯ ಉದ್ದೇಶ, ಲಾಭ, ಅಪಾಯ, ಬೇರೆ ದಾರಿಗಳು ಇವನ್ನೆಲ್ಲ ಮೊದಲು ಹೇಳಿರಬೇಕು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳು ಹೇಳುತ್ತವೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಪತ್ರ ಹೇಳುತ್ತದೆ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಲಿ ಎಂದು ಸರ್ಕಾರವನ್ನು ಕೋರಿದರು. ಒಳ್ಳೆಯದು. ಆದರೆ ಔಷಧಿಯ ಹೆಸರು ಯಾವ ಲಿಪಿಯಲ್ಲಿದೆ ಎಂಬುದಕ್ಕಿಂತ ಅದನ್ನು ಹೇಗೆ, ಯಾವಾಗ, ಎಷ್ಟು ದಿನ ಎಂಬ ನಾಲ್ಕು ಮಾತು ಕನ್ನಡದಲ್ಲಿದೆಯೇ ಎಂಬುದು ದೊಡ್ಡದು. ಇದು ಕನ್ನಡದಲ್ಲಿ ಆಗದ ಮಾತು ಅನ್ನುವವರಿಗೆ ಡಾಕ್ಟರ್ ಅನುಪಮಾ ನಿರಂಜನ ಅವರ 'ತಾಯಿ-ಮಗು' ತೋರಿಸಿ. ಬಸಿರು ಬಾಣಂತನದ ವೈದ್ಯವನ್ನು ಮನೆಮನೆಗೆ ಮುಟ್ಟಿಸಿದ ಭಾಷೆಗೆ ಪಂಪು ಹಿಡಿಯುವುದನ್ನು ಹೇಳಿಕೊಡಲು ಕಷ್ಟವೇ?

ಕೊನೆಯ ತೀರ್ಮಾನ ಒಂದಿದೆ. ಅದರ ಮಾತು ಕಹಿ. ಕಾಯಿಲೆ ತೀರಾ ಮುಂದುವರಿದಾಗ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕೇ, ಬೇಡವೇ? ಈಗ ಆ ಮಾತು ಐ.ಸಿ.ಯು. ಬಾಗಿಲಲ್ಲಿ, ಅಳುತ್ತಿರುವ ಮಗನ ಮುಂದೆ, ಸಹಿ ಹಾಕಬೇಕಾದ ಇಂಗ್ಲಿಷ್ ಕಾಗದದ ರೂಪದಲ್ಲಿ ಬರುತ್ತದೆ. ತಾಯಿಗೆ ಏನು ಬೇಕಿತ್ತು ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ. ಕೆಲವರು ವೆಂಟಿಲೇಟರಿನಿಂದ ಹೊರಬಂದು ವರ್ಷಗಟ್ಟಲೆ ಬದುಕುತ್ತಾರೆ, ಕೆಲವರು ಬರುವುದಿಲ್ಲ. ಹಾಗಾಗಿ ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ತನ್ನ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಬರೆಯುವುದು ಬಿಡುವುದು ಅವರವರ ಇಷ್ಟ. ಅಮ್ಮ ಸಲೀಸಾಗಿ ಉಸಿರಾಡುವ ಒಂದು ದಿನ ಪಕ್ಕದಲ್ಲಿ ಕೂತು ಕೇಳುವುದು ಮಾತ್ರ ನಮ್ಮ ಕರ್ತವ್ಯ.

ನಾಳೆಯಿಂದ ಏನು?

ಬಡಾಯಿ ಬೇಡ, ಒಂದು ಕೆಲಸ ಹಿಡಿಯೋಣ. ಬರುವ ಭಾನುವಾರ ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಒಬ್ಬ ಉಬ್ಬಸದ ಹಿರಿಯರ ಮುಂದೆ ಒಂದು ಗಂಟೆ ಕೂರಿ. ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಿರಿ: ಮಾಡಿದ ಕೆಲಸ, ಕುಡಿದ ದೂಳು; ಒಲೆಯ ಗಂಟೆ, ಒಲೆಯ ವರ್ಷ; ಬೀಡಿ ಸಿಗರೇಟಿನ ಲೆಕ್ಕ; ಹಿಂದೆ ಕ್ಷಯ ಇತ್ತೇ; ಏನೇನು ಮಾಡುವುದನ್ನು ಬಿಟ್ಟರು; ಯಾವ ಪಂಪು, ಯಾವಾಗ; ಊದುವ ಪರೀಕ್ಷೆ ಆಗಿದೆಯೇ. ಪಂಪು ಎಳೆಯುವುದನ್ನು ಕಣ್ಣಾರೆ ನೋಡಿ. ಆ ಪುಸ್ತಕ ಹಿಡಿದು ದೊಡ್ಡಾಸ್ಪತ್ರೆಗೋ ನಿಮ್ಮ ಡಾಕ್ಟರ ಬಳಿಗೋ ಜೊತೆಯಲ್ಲಿ ಹೋಗಿ. ವಿನಯದಿಂದ ಕೇಳಿ, ಆದರೆ ಕೇಳದೆ ಎದ್ದು ಬರಬೇಡಿ.

ಹಾಗೆಯೇ ನಿಮ್ಮ ಬೆರಳ ನಡುವೆ ಇರುವುದನ್ನೂ ಆರಿಸಿ. ಧೂಮಪಾನ ಬಿಟ್ಟರೆ ಯಾವ ವಯಸ್ಸಿನಲ್ಲಾದರೂ ಶ್ವಾಸಕೋಶ ಕುಸಿಯುವ ವೇಗ ತಗ್ಗುತ್ತದೆ ಎಂದು ಲಂಡನ್ನಿನ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ವೈದ್ಯರು 1977ರಲ್ಲೇ ತೋರಿಸಿದ್ದಾರೆ. ಕಳೆದದ್ದು ಬಹುಪಾಲು ವಾಪಸು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು.

'ಓದು' ಎಂದು ಬಾಬಾಸಾಹೇಬರು ಹೇಳಿದ್ದನ್ನು ಈ ಬಡಾವಣೆಯಷ್ಟು ಮನಸ್ಸಿಗೆ ತೆಗೆದುಕೊಂಡ ಬಡಾವಣೆ ಮೈಸೂರಿನಲ್ಲಿ ಕಡಿಮೆ. ಆ ಓದು ನಿಮ್ಮನ್ನು ಇಂಜಿನಿಯರ್, ಮೇಷ್ಟ್ರು, ಗುಮಾಸ್ತ ಮಾಡಿದೆ. ಅದೇ ಓದು ಈಗ ಅಜ್ಜಿಯ ಮತ್ತು ಡಾಕ್ಟರ ನಡುವಿನ ಸೇತುವೆ ಆಗಲಿ. ಅವಳು ನಲವತ್ತು ವರ್ಷ ಹೊಗೆ ಕುಡಿದು ನಮಗೆ ಅನ್ನ ಹಾಕಿದಳು. ಅವಳ ಮಾತು ಕೇಳಲು ನಮಗೆ ಒಂದು ಗಂಟೆ ಬಿಡುವಾಗಲಿ.